ಹಾಲ್ಟನ್ನಿನ ಶಿಲ್ಪಾಂತೇವಾಸಿಗಳೂ ಅವರ ಸ್ಮಾರಕವೂ

ಧರ್ಮಶಾಸ್ತ್ರಕಾರರು ಪರರ ಶುಶ್ರೂಷೆಯಲ್ಲಿ ನಿಂತವರನ್ನು ಎಣಿಸುವಾಗ ಶಿಷ್ಯನ ಒಡನೆಯೇ ಅಂತೇವಾಸಿಯನ್ನು ಹೇಳಿರುವರು. ಈಗಿನ ಬಳಕೆಯಲ್ಲಿ ಈ ಎರಡು ಮಾತುಗಳಿಗೂ ಒಂದೇ ಅರ್ಥವೆಂದು ತಿಳಿಯುವುದು ವಾಡಿಕೆ. ಆದರೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿರುವನು: ವೇದವಿದ್ಯೆಯನ್ನು ಅರಸಿ ಬಂದವನು ಶಿಷ್ಯ, ಶಿಲ್ಪವನ್ನು ಅರಸಿ ಬಂದವನು ಅಂತೇವಾಸಿ. ಕೈಕಸಬನ್ನು ಕಲಿಯಬೇಕೆಂಬ ಹುಡುಗನು ಬಂಧುಗಳ ಒಪ್ಪಿಗೆಯನ್ನು ಪಡೆದು, ಇಷ್ಟು ಕಾಲವೆಂದು ನಿಶ್ಚಯಿಸಿಕೊಂಡು, ಗುರುವಿನ ಮನೆಯಲ್ಲಿ ನಿಲ್ಲತಕ್ಕದ್ದು. ಗುರುವು ಅವನಿಗೆ ಅನ್ನವಿಕ್ಕಿ, ಮಗನಂತೆ ನೋಡಿಕೊಂಡು, ಶಿಲ್ಪವನ್ನೇ ಕಲಿಸತಕ್ಕದ್ದು, ಬೇರೆ ಚಾಕರಿಯನ್ನು ಮಾಡಿಸತಕ್ಕದ್ದಲ್ಲ. ವಿದ್ಯೆಯು ಬೇಗನೆ ಕೈವಶವಾದರೂ ಹುಡುಗನು ಗೊತ್ತಾದ ಕಾಲವು ತೀರುವವರೆಗೆ ಅಲ್ಲಿಯೇ ನಿಂತು, ತನ್ನ ಕೆಲಸದ ಫಲವನ್ನು ಗುರುವಿಗೆ ಒಪ್ಪಿಸಬೇಕು. ಶಿಲ್ಪವನ್ನು ಕಲಿಸದೆ ಅನ್ಯಕಾರ್ಯಗಳಲ್ಲಿ ಹುಡುಗನನ್ನು ದುಡಿಸಿಕೊಂಡ ಗುರುವಿಗೆ ದಂಡವೂ ಉಂಟು. ಇಷ್ಟು ಸೂಕ್ಷ್ಮವಾಗಿ ಕಟ್ಟಳೆಗಳನ್ನು ವಿಧಿಸಿದ ಪ್ರಾಚೀನರು ಗುರುವಿನ ಸ್ಥಾನದಲ್ಲಿ ಒಂದು ರಾಜ್ಯವೇ, ಅದರಲ್ಲಿಯೂ ಆ ರಾಜ್ಯದ ಸೈನ್ಯವೇ ನಿಂತರೆ ಏನಾಗುವುದೆಂದು ಯೋಚಿಸಿದವರಲ್ಲ. ಅಂತಹ ಸಂದರ್ಭವೊಂದು ಇಂಗ್ಲೆಂಡಿನಲ್ಲಿ ೧೯೨೦ರಲ್ಲಿ ಒದಗಿ, ಎಪ್ಪತ್ತಮೂರು ವರ್ಷಗಳ ಕಾಲ ನಡೆದು, ೧೯೯೩ರಲ್ಲಿ ಮುಗಿಯಿತು. ಅದನ್ನು ಯಾವ ಬಗೆಯಲ್ಲಿ ನೆನೆಯಬೇಕೆಂಬ ವಿಚಾರವು ಮಾತ್ರ ಇನ್ನೂ ಮುಗಿದಿಲ್ಲ.

ಲಂಡನ್ ನಗರದ ವಾಯವ್ಯಕ್ಕೆ, ಬಕಿಂಗ್‌ಹ್ಯಾಮ್‌ಷೈರ್ ಪ್ರಾಂತದಲ್ಲಿ, ಚಿಲ್ಟರ್ನ್ ಬೆಟ್ಟಗಳ ಬುಡದಲ್ಲಿರುವ ವೆಂಡೋವರ್ ಎಂಬ ಪೇಟೆಯ ಪಕ್ಕದ ಹಳ್ಳಿಯೇ ಹಾಲ್ಟನ್. ರಾಥ್‌ಸ್‌ಚೈಲ್ಡ್ ಮನೆತನದ ಆಲ್ಫ್ರೆಡ್ ಎಂಬ ಧನಿಕನು ಇಲ್ಲಿ ೧೮೮೩ರಲ್ಲಿ ಫ್ರೆಂಚ್ ಅರಮನೆಗಳ ಮಾದರಿಯಲ್ಲಿ ಒಂದು ಮಹಾಭವನವನ್ನು ಕಟ್ಟಿ ಮುಗಿಸಿದನು. ಸಂಗೀತಗೋಷ್ಠಿ, ಸ್ವಂತದ ಸರ್ಕಸ್ಸು, ಅತಿಥಿಸತ್ಕಾರ ಇವುಗಳಲ್ಲಿ ಕಾಲ ಕಳೆದ ಈ ಅವಿವಾಹಿತ ಗೃಹಸ್ಥನ ವಿಲಾಸದ ಕಥೆಗಳು ಇಂಗ್ಲಿಷರಿಗೆ ಇಂದಿಗೂ ಮೆಚ್ಚಿನವು. ಪ್ರಕೃತಕ್ಕೆ ಅವುಗಳ ಅಗತ್ಯವಿಲ್ಲ. ೧೯೧೩ರ ಶರತ್ಕಾಲದಲ್ಲಿ ಸೈನ್ಯದ ಕವಾಯತಿಗಾಗಿ ಆತನು ತನ್ನ ಭೂಮಿಯನ್ನು ಬಿಟ್ಟುಕೊಟ್ಟನು. ರಾಯಲ್ ಫ್ಲೈಯಿಂಗ್ ಕೋರ್ ಎಂಬ ಹೊಸ ದಳದ ವಿಮಾನಗಳು ಮೊಟ್ಟಮೊದಲು ಅಲ್ಲಿಯ ಹುಲ್ಲುಗಾವಲಿನಲ್ಲಿ ಇಳಿದದ್ದು ಆಗಲೇ. ಮರುವರ್ಷ ಮಹಾಯುದ್ಧವು ಹತ್ತಿದೊಡನೆಯೇ ಆಲ್ಫ್ರೆಡನು ಇಡೀ ಉಂಬಳಿಯನ್ನು ಲಾರ್ಡ್ ಕಿಚನರನ ವಶಕ್ಕೆ ಒಪ್ಪಿಸಿದನು. ಸಹಸ್ರಾರು ಹೊಸ ಸಿಪಾಯಿಗಳು ಗುಡಾರಗಳಲ್ಲಿ ಬಂದು ಇಳಿದರು, ಮಳೆ ಹಿಡಿಯಿತು, ನೆಲವೆಲ್ಲವೂ ಕೆಸರಾಗಿ, ಅವರನ್ನು ಸುತ್ತಣ ಊರುಗಳ ಮನೆಗಳಿಗೆ ಹಂಚಬೇಕಾಯಿತು. ಅವರು ಅಭ್ಯಾಸಕ್ಕಾಗಿ ತೋಡಿದ ಕಂದಕಗಳ ಗುರುತು ಕಾಡಿನೊಳಗೆ ಈಗಲೂ ಕಾಣುವುದು.

ಆ ಕಾಡಿನದೂ ಒಂದು ಕಥೆಯೇ. ಹಾಲ್ಟನ್ನಿನ ಬೀಚ್ ಮರಗಳು ನೇರವಾಗಿ ಬೆಳೆದ ಹಿರಿಯ ಮರಗಳು. ಫ್ರಾನ್ಸಿನ ಕಂದಕಗಳ ಗೋಡೆಗಳು ಕುಸಿಯದಂತೆ ಆನಿಕೆ ಕೊಡಲು ಮರವು ಬೇಕಾದಾಗ ಆಲ್ಫ್ರೆಡನು ಇವನ್ನು ಕಡಿಯಲು ಒಪ್ಪಿಗೆಯಿತ್ತನು. ಮರಗಳನ್ನು ವೆಂಡೋವರ್ ನಿಲ್ದಾಣಕ್ಕೆ ಸಾಗಿಸುವುದಕ್ಕಾಗಿ ಬೆಟ್ಟದ ಮೇಲಿನಿಂದ ಸಣ್ಣ ರೈಲುದಾರಿಯನ್ನು ಹಾಕಿದರು. ಸೆರೆಸಿಕ್ಕ ಜರ್ಮನರೂ ಅದಕ್ಕಾಗಿ ದುಡಿದರು. ಜರ್ಮನ್ ಫಿರಂಗಿಗಳಿಂದ ಇಂಗ್ಲಿಷ್ ಸಿಪಾಯಿಗಳನ್ನು ಕಾಯುವ ಮರವನ್ನು ಜರ್ಮನರ ಕೈಯಿಂದಲೇ ಹೊರಿಸಿದ ಈ ಸಂಗತಿಯು ಯುದ್ಧವೆಂಬುದರ ವಿಚಿತ್ರಗತಿಗೆ ಒಂದು ದೃಷ್ಟಾಂತವು. ೧೯೧೭ರಲ್ಲಿ ವಿಮಾನದಳದ ಯಂತ್ರಶಿಕ್ಷಣ ಶಾಲೆಯು ಇಲ್ಲಿಗೆ ಬಂದಿತು. ದೊಡ್ಡ ದೊಡ್ಡ ಕರ್ಮಶಾಲೆಗಳು ಎದ್ದುವು. ಗಂಡಸರು, ಹೆಂಗಸರು, ಹುಡುಗರು ಎಲ್ಲರಿಗೂ ಇಂಜಿನುಗಳ ಕೆಲಸವನ್ನು ಅವಸರವಸರವಾಗಿ ಕಲಿಸಿದರು. ೧೯೧೮ರ ಜನವರಿಯಲ್ಲಿ ಆಲ್ಫ್ರೆಡನು ಮೃತನಾದನು. ಅವನ ಉತ್ತರಾಧಿಕಾರಿಯಿಂದ ಆ ವರ್ಷವೇ ಸರಕಾರದವರು ಭವನ, ಭೂಮಿ ಎಲ್ಲವನ್ನೂ ೧,೧೨,೦೦೦ ಪೌಂಡುಗಳಿಗೆ ಕೊಂಡರು. ಅತಿಥಿಗಳ ಎದುರಿಗೆ ಕುದುರೆಗಳು ಕುಣಿದ ಭವನವು ಅಧಿಕಾರಿಗಳ ಭೋಜನಶಾಲೆಯಾಯಿತು.

ಇಷ್ಟರಲ್ಲಿ ಯುದ್ಧವು ನಿಂತಿತು. ರಾಯಲ್ ಏರ್ ಫೋರ್ಸ್ ಎಂಬ ಸ್ವತಂತ್ರ ವಾಯುಸೇನೆಯು ೧೯೧೮ರ ಏಪ್ರಿಲ್ ಮೊದಲ ದಿನ ಹುಟ್ಟಿದ್ದಿತಾದರೂ ಅದು ಬದುಕುವುದೆಂಬ ಭರವಸೆಯು ಅನೇಕರಿಗೆ ಇರಲಿಲ್ಲ. ಭೂಸೈನ್ಯದವರೂ ನೌಕಾಸೈನ್ಯದವರೂ ಅದನ್ನು ಹರಿದು ಹಂಚಿಕೊಳ್ಳಲು ಕಾದಿದ್ದರು. ಆಗ ವಾಯುಸೇನೆಯ ಮುಖ್ಯಸ್ಥನಾಗಿದ್ದವನು ಹ್ಯೂ ಟ್ರೆಂಚರ್ಡ್. ಮಾತು ಕಡಿಮೆ, ಹಠ ಹೆಚ್ಚು, ಕಂಠವು ಗುಡುಗಿನಂತಹುದು. ೧೯೧೯ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಮುಂದೆ ಇಡಲ್ಪಟ್ಟ ಅವನ ಯೋಜನೆಯು ಅಷ್ಟೇನೂ ದೀರ್ಘವಲ್ಲದ ಲೇಖನ. ಆದರೂ ಮುಂದಿನ ಎಲ್ಲಕ್ಕೂ ಅದೇ ಬೀಜವು. ಕೈಯಲ್ಲಿದ್ದ ಹಣವನ್ನು ದಳಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕೆ ಸುರಿಯದೆ ಶಾಲೆಗಳಿಗಾಗಿ ಸುರಿಯಬೇಕೆಂಬುದು ಅವನ ನಿಶ್ಚಯ. ಕ್ರಾನ್‌ವೆಲ್ಲಿನಲ್ಲಿ ಅಧಿಕಾರಿಗಳಿಗೆ ಒಂದು ವಿದ್ಯಾಲಯ; ಹಾಲ್ಟನ್ನಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಹುಡುಗರಿಗೆ ಒಂದು ಶಾಲೆ. ಅವನ ತರ್ಕವು ಸರಳವಾದದ್ದು. ವಿಮಾನಕ್ಕೆ ಬೇಕಾದ ನಿಪುಣ ಕೆಲಸಗಾರನು ಪೇಟೆಯಲ್ಲಿ ದೊರೆಯನು; ದೊರೆತರೂ ಕಾರ್ಖಾನೆಯ ಕೂಲಿಯನ್ನು ಬಿಟ್ಟು ಸೈನ್ಯದ ಸಂಬಳಕ್ಕೆ ಬಾರನು. ಆದುದರಿಂದ ಓದು ಬಲ್ಲ ಜಾಣ ಹುಡುಗರನ್ನು ಎಳೆಯ ವಯಸ್ಸಿನಲ್ಲಿಯೇ ತೆಗೆದುಕೊಂಡು, ಹೊರಗಿನ ಕಾರ್ಖಾನೆಗಳಲ್ಲಿ ಐದು ವರ್ಷ ಹಿಡಿಯುವ ಶಿಕ್ಷಣವನ್ನು ಮೂರು ವರ್ಷಗಳಲ್ಲಿ ಒತ್ತಿ ಕಲಿಸಬೇಕು. ವಿಮಾನವು ಹಾರುವುದು ಹಾರಿಸುವವನಿಂದ ಎಂದು ಲೋಕವು ತಿಳಿದಿದ್ದ ಕಾಲದಲ್ಲಿ, ನೆಲದ ಮೇಲೆ ನಿಂತು ಎಣ್ಣೆಯ ಕೈಯನ್ನು ಒರೆಸಿಕೊಳ್ಳುವವನಿಂದ ಎಂದು ಕಂಡುಕೊಂಡದ್ದೇ ಟ್ರೆಂಚರ್ಡನ ನಿಜವಾದ ದೊಡ್ಡಸ್ತಿಕೆ. ಯುದ್ಧದಲ್ಲಿ ಅವನು ತೋರಿದ ಪರಾಕ್ರಮಗಳಿಗೆ ಇತಿಹಾಸಕಾರರು ಕೊಡುವ ಪುಟಗಳಲ್ಲಿ ಕೆಲವನ್ನು ಇದಕ್ಕೆ ತಿರುಗಿಸಿದ್ದರೆ ನ್ಯಾಯವಾಗುತ್ತಿದ್ದಿತು.

ಹಾಲ್ಟನ್ನಿನ ಕಟ್ಟಡಗಳು ಸಿದ್ಧವಾಗದಿದ್ದುದರಿಂದ ಮೊದಲ ನಾಲ್ಕು ತಂಡಗಳು ೧೯೨೦ರಿಂದ ಕ್ರಾನ್‌ವೆಲ್ಲಿನಲ್ಲಿಯೇ ಕಲಿತುವು. ೧೯೨೨ರ ಜನವರಿಯಲ್ಲಿ ಐದನೆಯ ತಂಡದ ಹುಡುಗರು ಹಾಲ್ಟನ್ನಿಗೆ ಬಂದರು. ತಂಡಕ್ಕೆ ಅವರು ‘ಎಂಟ್ರಿ’ ಎನ್ನುತ್ತಿದ್ದರು. ಜೀವಮಾನವೆಲ್ಲ ಒಬ್ಬನ ಗುರುತು ಅವನ ಎಂಟ್ರಿಯ ಸಂಖ್ಯೆಯೇ. ನಮ್ಮಲ್ಲಿ ಗೋತ್ರವನ್ನು ಕೇಳುವಂತೆ ಅವರಲ್ಲಿ ಎಂಟ್ರಿಯನ್ನು ಕೇಳುವುದು ರೂಢಿಯಾಯಿತು. ಸೇರುವವನ ವಯಸ್ಸು ಹದಿನೈದರಿಂದ ಹದಿನೇಳೂವರೆಯ ಒಳಗೆ. ಸ್ಪರ್ಧಾಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ದೇಹಪರೀಕ್ಷೆಯಲ್ಲಿ ನಿಲ್ಲಬೇಕು, ತಂದೆಯ ಒಪ್ಪಿಗೆಯ ರುಜು ಬೇಕು. ಹದಿನೆಂಟು ತುಂಬಿದ ದಿನದಿಂದ ಹನ್ನೆರಡು ವರ್ಷಗಳ ಕಾಲ ಸೇವೆ ಮಾಡುವೆನೆಂದು ಹುಡುಗನು ಬರೆದುಕೊಡಬೇಕು. ಎಂದರೆ ಹದಿನೈದರ ಬಾಲಕನು ಇಟ್ಟ ರುಜುವಿಗೆ ಮೂವತ್ತರ ಗಂಡಸು ಹೊಣೆಯಾಗುತ್ತಿದ್ದನು. ಸ್ಮೃತಿಯಲ್ಲಿ ಹೇಳಿದ ‘ಕೃತಕಾಲ’ವು ಇಷ್ಟು ದೀರ್ಘವಾದುದನ್ನು ಕೇಳಿದ್ದರೆ ವಿಜ್ಞಾನೇಶ್ವರನೂ ಒಂದು ಕ್ಷಣ ಲೇಖನಿಯನ್ನು ಕೆಳಗಿಡುತ್ತಿದ್ದನೋ ಏನೋ.

ಕಲಿಸಿದ್ದು ಏನು? ಮೊದಲ ತಿಂಗಳುಗಳಲ್ಲಿ ವಿಮಾನವೂ ಇಲ್ಲ, ಇಂಜಿನೂ ಇಲ್ಲ. ಮೇಜಿಗೆ ಬಿಗಿದ ಕಬ್ಬಿಣದ ಇಕ್ಕುಳ, ಒಂದು ಅರ, ಒಂದು ಉಳಿ, ಒಂದು ಸುತ್ತಿಗೆ, ಒಂದು ಒರಟು ಉಕ್ಕಿನ ತುಂಡು. ಆ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ನಾಲ್ಕು ಮೂಲೆಯೂ ಸಮವಾದ ಚೌಕವನ್ನಾಗಿ ಮಾಡಬೇಕು. ಬಳಿಕ ಇನ್ನೊಂದು ತಗಡಿನಲ್ಲಿ ಅದಕ್ಕೆ ಸರಿಹೊಂದುವ ಚೌಕದ ಕಂಡಿಯನ್ನು ಕೊರೆಯಬೇಕು. ಚೌಕವನ್ನು ಕಂಡಿಯಲ್ಲಿಟ್ಟು ಬೆಳಕಿಗೆ ಹಿಡಿದರೆ ಯಾವ ಬದಿಯಿಂದಲೂ ಬೆಳಕು ನುಸುಳಬಾರದು, ತಿರುಗಿಸಿಟ್ಟರೂ ನುಸುಳಬಾರದು. ಬೆಳಕು ಕಂಡಿತೋ, ತುಂಡು ಕಸದ ಡಬ್ಬಿಗೆ. ಹುಡುಗನಿಗೆ ಹೊಸ ತುಂಡು. ಅಂಗೈ ಬೊಬ್ಬೆಯೆದ್ದು ಗಟ್ಟಿಯಾಗುವವರೆಗೆ ಇದೇ ಪಾಠ. ಅಕ್ಷರಾಭ್ಯಾಸದಲ್ಲಿ ಮರಳಿನ ಮೇಲೆ ತಿದ್ದಿದಂತೆ ಇವರು ಉಕ್ಕಿನ ಮೇಲೆ ತಿದ್ದಿದರು. ಆಮೇಲೆ ಅವರವರ ಕಸಬು: ಇಂಜಿನು ಕೂಡಿಸುವವನು, ಒಡಲನ್ನೂ ರೆಕ್ಕೆಯನ್ನೂ ನೇರ್ಪಡಿಸುವವನು, ತಾಮ್ರಕಾರ, ವಿದ್ಯುತ್ತಿನವನು, ಆಯುಧಗಳವನು. ಇವುಗಳೊಡನೆ ಗಣಿತ, ಯಂತ್ರಶಾಸ್ತ್ರ, ನಕ್ಷೆಯ ಬರವಣಿಗೆ, ಇಂಗ್ಲಿಷ್ ಭಾಷೆ ಇವುಗಳ ಪಾಠವೂ ನಡೆಯುತ್ತಿದ್ದಿತು. ಕಸಬಿನವನಿಗೆ ಸಾಹಿತ್ಯವೇಕೆಂದು ಆಗ ಕೇಳಿದವರಿದ್ದರು. ಕೈ ಬಲ್ಲವನಿಗೆ ಅಕ್ಷರವೂ, ಅಕ್ಷರ ಬಲ್ಲವನಿಗೆ ಕೈಯೂ ಒದಗಬೇಕೆಂಬುದನ್ನು ನಮ್ಮ ದೇಶದಲ್ಲಿ ಇನ್ನೂ ಭಾಷಣಗಳಲ್ಲಿ ಹೇಳುತ್ತಿರುವಾಗ, ಅಲ್ಲಿ ಸೈನ್ಯದವರು ಅದನ್ನು ಸದ್ದಿಲ್ಲದೆ ವೇಳಾಪಟ್ಟಿಯಲ್ಲಿ ಸೇರಿಸಿಬಿಟ್ಟಿದ್ದರು.

ಹುಡುಗರು ಎಡತೋಳಿನ ಮೇಲೆ ಧರಿಸುತ್ತಿದ್ದ ಹಿತ್ತಾಳೆಯ ಗುರುತು ಒಂದು ಬಳೆಯೊಳಗಿನ ನಾಲ್ಕಲಗಿನ ವಿಮಾನಚಕ್ರ. ಅದನ್ನು ಅವರು ಚಕ್ರವೆಂದೇ ಕರೆದರು. ಮೊದಲು ಇದನ್ನು ಹೊರಡಿಸಿದ್ದು ಗೌರವಕ್ಕಾಗಿ ಅಲ್ಲ. ಬಾಲಕರನ್ನು ದೊಡ್ಡವರಿಂದ ದೂರದಿಂದಲೇ ಬೇರೆಯಾಗಿ ಗುರುತಿಸಿ, ಹೊಗೆಬತ್ತಿ ಮೊದಲಾದ ದುಶ್ಚಟಗಳಿಂದ ಕಾಯುವುದಕ್ಕಾಗಿ. ಕಾವಲಿನ ಗುರುತಾಗಿ ಹುಟ್ಟಿದ್ದು ಅಭಿಮಾನದ ಗುರುತಾಗಿ ಬೆಳೆಯಿತು. ‘ಟ್ರೆಂಚರ್ಡನ ಪೋಕರಿಗಳು’ ಎಂಬ ಅರ್ಥದ ಅಡ್ಡಹೆಸರೊಂದನ್ನು ಸೇನೆಯ ಹಳಬರು ಹಗುರವಾಗಿ ಇಟ್ಟರು; ಹುಡುಗರು ಅದನ್ನೂ ಬಿರುದಾಗಿ ಸ್ವೀಕರಿಸಿದರು.

ಆದರೆ ಅಲ್ಲಿಯ ಜೀವನವು ಸುಖಮಯವಾಗಿದ್ದಿತೆಂದು ಬರೆದರೆ ಅದು ಚರಿತ್ರೆಯಾಗಲಾರದು. ಮುಂಜಾವದ ಕಹಳೆ, ತಣ್ಣೀರು, ಹಾಸಿಗೆಯ ಮಡಿಕೆಯನ್ನು ಅಳತೆಗೋಲಿನಿಂದ ನೋಡುವ ತಪಾಸಣೆ, ವಾದ್ಯದ ಹಿಂದೆ ಸಾಲುಗಟ್ಟಿ ಬೆಟ್ಟದಿಂದ ಕರ್ಮಶಾಲೆಗೆ ಇಳಿಯುವ ನಡೆ. ಹಿರಿಯ ತಂಡದವರು ಕಿರಿಯರಿಗೆ ಕೊಡುತ್ತಿದ್ದ ಉಪಟಳವು ಅಲ್ಪವಲ್ಲವೆಂಬುದು ಅಲ್ಲಿ ಕಲಿತವರ ಬರಹಗಳಿಂದಲೇ ತಿಳಿಯುವುದು. ತಾಯಿಯ ಮಡಿಲನ್ನು ಬಿಟ್ಟು ಬಂದ ಹದಿನೈದರ ಹುಡುಗನು ರಾತ್ರಿಯಲ್ಲಿ ಕಂಬಳಿಯೊಳಗೆ ಅತ್ತದ್ದನ್ನು ಯಾವ ದಾಖಲೆಯೂ ಬರೆದಿಡುವುದಿಲ್ಲ. ಬಡ ಮನೆತನಗಳಿಗೆ, ಕೆಲಸವಿಲ್ಲದ ತಂದೆಗಳಿಗೆ, ಊಟ ಬಟ್ಟೆ ವಿದ್ಯೆ ಮೂರನ್ನೂ ಕೊಡುವ ಈ ಶಾಲೆಯು ವರದಂತೆ ತೋರಿದುದು ಸಹಜವೇ. ಆ ವರಕ್ಕೆ ಬೆಲೆಯೂ ಇದ್ದಿತು. ಸ್ಮಾರಕವನ್ನು ಯೋಜಿಸುವವರು ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಡಬೇಕಾಗಿರುವುದು.

ಬೆಲೆ ಎಂತಹುದೆಂಬುದಕ್ಕೆ ಟಾಮಸ್ ಗ್ರೇ ಎಂಬವನ ಕಥೆಯು ಸಾಕು. ಅವನು ೧೯೨೯ರಲ್ಲಿ ಹಾಲ್ಟನ್ನಿನ ಅಂತೇವಾಸಿಯಾಗಿ ಸೇರಿ ಇಂಜಿನುಗಳ ಕೆಲಸವನ್ನು ಕಲಿತವನು. ಬಳಿಕ ವಿಮಾನದಲ್ಲಿ ಕುಳಿತು ದಾರಿ ನೋಡುವ ಕೆಲಸಕ್ಕೆ ಏರಿದನು. ೧೯೪೦ರ ಮೇ ೧೨ರಂದು, ಜರ್ಮನರು ಬೆಲ್ಜಿಯಮ್ಮಿನೊಳಗೆ ನುಗ್ಗುತ್ತಿದ್ದಾಗ, ಆಲ್ಬರ್ಟ್ ಕಾಲುವೆಯ ಮೇಲಿನ ವೆಲ್ಡ್‌ವೆಜೆಲ್ಟ್ ಸೇತುವೆಯನ್ನು ಒಡೆಯಲೇಬೇಕಾಗಿದ್ದಿತು. ಹನ್ನೆರಡನೆಯ ದಳದವರಲ್ಲಿ ಯಾರು ಹೋಗುವಿರೆಂದು ಕೇಳಿದಾಗ ಇದ್ದವರೆಲ್ಲರೂ ಮುಂದೆ ಬಂದರೆಂದು ಪ್ರಸಿದ್ಧಿ. ನಿಧಾನಗತಿಯ ಫೇರಿ ಬ್ಯಾಟಲ್ ವಿಮಾನಗಳು; ಕೆಳಗೆ ಫಿರಂಗಿಗಳ ಸಾಲು; ಮೇಲೆ ಶತ್ರುವಿಮಾನಗಳ ಹಿಂಡು. ಮುಂದಾಳಾಗಿದ್ದ ವಿಮಾನದಲ್ಲಿ ಮೂವರು: ಹಾರಿಸುವವನು ಡೊನಾಲ್ಡ್ ಗಾರ್ಲಂಡ್, ದಾರಿ ನೋಡುವವನು ಗ್ರೇ, ಹಿಂದೆ ಬಂದೂಕನ್ನೂ ತಂತಿಯಿಲ್ಲದ ಯಂತ್ರವನ್ನೂ ಹಿಡಿದವನು ಲಾರೆನ್ಸ್ ರೆನಾಲ್ಡ್ಸ್. ಸೇತುವೆಗೆ ಪೆಟ್ಟು ಬಿದ್ದಿತು, ಮೂವರೂ ಮಡಿದರು. ಗಾರ್ಲಂಡನಿಗೂ ಗ್ರೇಗೂ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಪದಕವು ಬಂದಿತು. ಈ ಯುದ್ಧದಲ್ಲಿ ವಾಯುಸೇನೆಯವರಿಗೆ ದೊರೆತ ಮೊದಲ ಎರಡು ಪದಕಗಳು ಇವೇ. ಅದೇ ವಿಮಾನದಲ್ಲಿ, ಅದೇ ಬೆಂಕಿಯಲ್ಲಿ, ಅದೇ ಕ್ಷಣದಲ್ಲಿ ಸತ್ತ ರೆನಾಲ್ಡ್ಸನಿಗೆ ಯಾವ ಪದಕವೂ ಬರಲಿಲ್ಲ. ನಿರ್ಣಯವನ್ನು ಮಾಡುವ ಸ್ಥಾನದಲ್ಲಿ ಅವನಿರಲಿಲ್ಲವೆಂಬುದು ಕೊಡಲ್ಪಟ್ಟ ಕಾರಣ. ಲೂವೆನ್ ನಗರದ ಬಳಿಯ ಹೆವರ್ಲಿ ಸಮಾಧಿಸ್ಥಾನದಲ್ಲಿ ಮೂವರೂ ಮಲಗಿರುವರು. ಪದಕಗಳ ಲೆಕ್ಕದಲ್ಲಿ ಕಾಣದಿದ್ದವನನ್ನು ಕಲ್ಲಿನ ಲೆಕ್ಕದಲ್ಲಾದರೂ ಕಾಣಿಸಬೇಕೆ ಬೇಡವೆ ಎಂಬುದೇ ಎಲ್ಲ ಸ್ಮಾರಕಗಳ ಮೊದಲ ಪ್ರಶ್ನೆಯು.

ಫ್ರಾಂಕ್ ವಿಟ್ಲನ ಸಂಗತಿಯು ಇದಕ್ಕೆ ತೀರ ಬೇರೆ. ಅವನು ೧೯೨೩ರ ಜನವರಿಯಲ್ಲಿ ಹಾಲ್ಟನ್ನಿಗೆ ಬಂದನು. ಎತ್ತರವು ಐದೇ ಅಡಿ, ಎದೆಯೂ ಕಿರಿದು. ಎರಡು ದಿನಗಳಲ್ಲಿ ಅವನನ್ನು ಮನೆಗೆ ಕಳುಹಿಸಿದರು. ಅಲ್ಲಿಯ ವ್ಯಾಯಾಮಶಿಕ್ಷಕನೊಬ್ಬನು ಕನಿಕರಗೊಂಡು ಹೇಳಿಕೊಟ್ಟ ಕಸರತ್ತನ್ನೂ ಆಹಾರಕ್ರಮವನ್ನೂ ಹಿಡಿದು ಆರು ತಿಂಗಳಲ್ಲಿ ಮೂರು ಅಂಗುಲ ಬೆಳೆದನು. ಒಮ್ಮೆ ತಿರಸ್ಕೃತನಾದವನನ್ನು ಮತ್ತೆ ತೆಗೆದುಕೊಳ್ಳೆವೆಂದರು. ಅವನು ಹೊಸಬನಂತೆ ಮತ್ತೆ ಅರ್ಜಿ ಹಾಕಿ, ಆ ಸೆಪ್ಟೆಂಬರಿನಲ್ಲಿ ಕ್ರಾನ್‌ವೆಲ್ಲಿನ ಶಾಖೆಯನ್ನು ಸೇರಿದನು. ಮೂರು ವರ್ಷಗಳ ಬಳಿಕ ಅಂತೇವಾಸಿಗಳಲ್ಲಿ ಶ್ರೇಷ್ಠರಾದ ಕೆಲವರಿಗೆ ಮಾತ್ರ ದೊರೆಯುವ ಅಧಿಕಾರಿಶಿಕ್ಷಣದ ಅವಕಾಶವು ಅವನಿಗೆ ದೊರೆಯಿತು. ೧೯೩೦ರ ಜನವರಿಯಲ್ಲಿ ಅವನು ಜೆಟ್ ಇಂಜಿನಿಗೆ ಹಕ್ಕುಪತ್ರವನ್ನು ಕೇಳಿದನು. ೧೯೪೧ರ ಮೇ ೧೫ರಂದು ಆ ಇಂಜಿನಿನಿಂದ ನಡೆಯುವ ಗ್ಲಾಸ್ಟರ್ ವಿಮಾನವು ಕ್ರಾನ್‌ವೆಲ್ಲಿನ ಆಕಾಶದಲ್ಲಿಯೇ ಹಾರಿತು. ಹಾಲ್ಟನ್ನಿನವರು ವಿಟ್ಲನನ್ನು ತಮ್ಮವನೆಂದು ಹೇಳಿಕೊಳ್ಳುವುದುಂಟು. ಎರಡು ದಿನ ಇರಿಸಿಕೊಂಡು ಹೊರಗೆ ಕಳುಹಿಸಿದ ಮನೆಯು ಮಗನ ಕೀರ್ತಿಯಲ್ಲಿ ಪಾಲು ಕೇಳುವುದು ಸ್ವಲ್ಪ ಸಂಕೋಚದ ವಿಷಯವೇ ಸರಿ. ಆದರೆ ಯೋಜನೆಯು ಒಂದೇ ಆದುದರಿಂದ ಆ ಹಕ್ಕನ್ನು ಪೂರ್ಣವಾಗಿ ಅಲ್ಲಗಳೆಯುವಂತೆಯೂ ಇಲ್ಲ. ೧೯೪೫ರಲ್ಲಿ ಹಾಲ್ಟನ್ನಿಗೆ ಬಂದ ಕೀತ್ ವಿಲಿಯಮ್ಸನ್ ಎಂಬ ಹುಡುಗನಾದರೋ ೧೯೮೨ರಲ್ಲಿ ಇಡೀ ವಾಯುಸೇನೆಯ ಮುಖ್ಯಸ್ಥನೇ ಆದನು. ಟ್ರೆಂಚರ್ಡನ ಕುರ್ಚಿಯಲ್ಲಿ ಟ್ರೆಂಚರ್ಡನ ಪೋಕರಿಯೊಬ್ಬನು ಕುಳಿತದ್ದು ಅದೇ ಮೊದಲು.

ಇಂಗ್ಲಿಷರಲ್ಲದವರೂ ಹಾಲ್ಟನ್ನಿನಲ್ಲಿ ಕಲಿತರು. ಎರಡನೆಯ ಮಹಾಯುದ್ಧದಲ್ಲಿ ನೆಲೆ ತಪ್ಪಿದ ಪೋಲೆಂಡಿನ ಬಾಲಕರು, ಬಳಿಕ ಪಾಕಿಸ್ತಾನದ, ಸಿಂಹಳದ, ಇತರ ದೇಶಗಳ ಹುಡುಗರು ಅಲ್ಲಿಯ ಇಕ್ಕುಳಗಳ ಮುಂದೆ ನಿಂತರು. ಅವಿಭಕ್ತ ಭಾರತದಲ್ಲಿ ವಾಯುಸೇನೆಯು ೧೯೩೨ರ ಅಕ್ಟೋಬರ್ ೮ರಂದು ಹುಟ್ಟಿದಾಗ ಅದರ ಯಂತ್ರಗಳನ್ನು ನೋಡಿಕೊಳ್ಳಬೇಕಾದ ‘ಹವಾಯಿ ಸಿಪಾಯಿ’ಗಳು ಹಾಲ್ಟನ್ನಿಗೆ ಹೋಗಲಿಲ್ಲ, ಕರಾಚಿಯ ಡ್ರಿಗ್ ರೋಡಿನ ಕರ್ಮಶಾಲೆಗಳಲ್ಲಿ ಬ್ರಿಟಿಷ್ ಯಂತ್ರಜ್ಞರ ಬಳಿ ಕಲಿತರು. ಇಂಜಿನಿಯರಿಂಗ್ ಓದಿದ್ದರೂ ಸಾಮಾನ್ಯ ಸಿಪಾಯಿಯಾಗಿ ಅಲ್ಲಿ ಸೇರಿದ ಹರ್ಜಿಂದರ್ ಸಿಂಗರು ಸ್ವತಂತ್ರ ಭಾರತದಲ್ಲಿ ಏರ್ ವೈಸ್ ಮಾರ್ಷಲ್ ಪದವಿಯವರೆಗೆ ಏರಿದರು. ನಮ್ಮ ನಾಡಿನಲ್ಲಿ ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಹೂಡಿದುದೂ, ೧೯೪೯ರಲ್ಲಿ ಜಾಲಹಳ್ಳಿಯಲ್ಲಿ ವಾಯುಸೇನೆಯ ತಾಂತ್ರಿಕ ಕಾಲೇಜು ಪ್ರಾರಂಭವಾದುದೂ ವಾಚಕರಿಗೆ ತಿಳಿದ ಸಂಗತಿಗಳು.

ಕಾಲವು ಬದಲಾಯಿತು. ಹದಿನೈದಕ್ಕೆ ಶಾಲೆ ಬಿಡುವ ಹುಡುಗರು ಕಡಿಮೆಯಾದರು; ವಿಮಾನಗಳ ಭಾಗಗಳನ್ನು ಅರದಿಂದ ಉಜ್ಜಿ ಸರಿಪಡಿಸುವ ಬದಲು ತೆಗೆದು ಹೊಸದನ್ನು ಹಾಕುವ ಪದ್ಧತಿಯು ಬಂದಿತು; ಸೇನೆಯೂ ಸಣ್ಣದಾಯಿತು. ನೂರ ಐವತ್ತೈದನೆಯ ಎಂಟ್ರಿಯೇ ಕೊನೆಯದು. ೧೯೯೩ರ ಜೂನ್ ೨೪ರಂದು ಆ ತಂಡದವರು ಮೈದಾನದಲ್ಲಿ ನಡೆದು ಹೋದರು. ಮರುವರ್ಷ ಶಿಕ್ಷಣಶಾಲೆಯ ಹೆಸರೂ ಕಾರ್ಯವೂ ಕಾಸ್‌ಫರ್ಡ್ ಎಂಬಲ್ಲಿಗೆ ವರ್ಗವಾದುವು. ಒಟ್ಟಿನಲ್ಲಿ ನಲವತ್ತು ಸಹಸ್ರಕ್ಕೂ ಮಿಕ್ಕ ಬಾಲಕರು ಅಲ್ಲಿ ಕಲಿತಿದ್ದರೆಂದು ಲೆಕ್ಕ.

ಇನ್ನು ಸ್ಮಾರಕದ ವಿಚಾರ. ಮಡಿದವರಿಗೆ ಸ್ಮಾರಕವನ್ನು ಕಟ್ಟುವುದು ಸುಲಭ. ಅದಕ್ಕೆ ಮಾದರಿಗಳು ಬೇಕಾದಷ್ಟಿವೆ. ಶಾಲೆಗೆ ಸ್ಮಾರಕವೆಂದರೆ ತೊಡಕು. ಅಲ್ಲಿ ಕಲಿತವರಲ್ಲಿ ಬಹುಮಂದಿ ಯುದ್ಧದಲ್ಲಿ ಸಾಯಲಿಲ್ಲ. ಕೆಲಸ ಮಾಡಿ, ವಿಶ್ರಾಂತರಾಗಿ, ಮೊಮ್ಮಕ್ಕಳನ್ನು ಕಂಡು, ಹಾಸಿಗೆಯ ಮೇಲೆ ಸತ್ತರು. ಇವರ ಮಹತ್ತ್ವವು ಅವರು ಸತ್ತುದರಲ್ಲಿ ಇಲ್ಲ, ಅವರ ಕೈಯಿಂದ ಹೊರಟ ಇಂಜಿನು ನಡು ಆಕಾಶದಲ್ಲಿ ನಿಂತುಹೋಗದಿದ್ದುದರಲ್ಲಿ ಇರುವುದು. ಆಗದೆ ಉಳಿದ ಅನಾಹುತಕ್ಕೆ ಕಲ್ಲು ನೆಡುವ ಬಗೆ ಹೇಗೆ?

ಕಲಿತವರು ತಾವೇ ಮೊದಲು ಕಂಡುಕೊಂಡ ಉತ್ತರವು ಹಾಲ್ಟನ್ನಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ಇರುವುದು. ಅಲ್ಲಿಯ ಕಿಟಕಿಗಳಿಗೆ ಒಂದೊಂದು ಎಂಟ್ರಿಯವರು ಹಣ ಕೂಡಿಸಿ ಬಣ್ಣದ ಗಾಜುಗಳನ್ನು ಹಾಕಿಸಿರುವರು. ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ ವರ್ಷ, ೧೯೫೨ರ ಜುಲೈ ೨೫ರಂದು, ತಾನೇ ಬಂದು ಶಾಲೆಗೆ ಧ್ವಜವನ್ನು ಕೊಟ್ಟಿದ್ದಳು. ಅದೇ ರಾಣಿಯು ೧೯೯೭ರ ಅಕ್ಟೋಬರ್ ೩೧ರಂದು ಮರಳಿ ಬಂದು ಅಂತೇವಾಸಿಗಳೆಲ್ಲರ ಗೌರವಾರ್ಥವಾದ ಸ್ಮಾರಕವನ್ನು ಅಲ್ಲಿ ಅನಾವರಣಗೊಳಿಸಿದಳು. ಸ್ಟಾಫರ್ಡ್‌ಷೈರಿನ ರಾಷ್ಟ್ರೀಯ ಸ್ಮಾರಕವನದಲ್ಲಿಯೂ ಇವರ ಹೆಸರಿನ ಒಂದು ತೋಪು ಉಂಟು. ಇಲ್ಲಿಗೆ ವಿಚಾರವು ಮುಗಿಯಬೇಕಾಗಿದ್ದಿತು. ಆದರೆ ೨೦೧೬ರಲ್ಲಿ ಬ್ರಿಟಿಷ್ ರಕ್ಷಣಾ ಇಲಾಖೆಯವರು ಹಾಲ್ಟನ್ನಿನ ನೆಲೆಯನ್ನು ಮುಚ್ಚಿ ಭೂಮಿಯನ್ನು ಬಿಟ್ಟುಬಿಡುವುದಾಗಿ ಪ್ರಕಟಿಸಿದರು; ಗಡುವು ಮುಂದೆ ಹೋಯಿತೆಂಬುದು ನಿಜ, ನಿರ್ಧಾರವು ಮಾತ್ರ ಎಲ್ಲರನ್ನೂ ಎಚ್ಚರಗೊಳಿಸಿತು. ಸೈನ್ಯದ ಹೆಬ್ಬಾಗಿಲ ಒಳಗೆ ಕಾವಲಿನಲ್ಲಿ ನಿಂತ ಸ್ಮಾರಕಕ್ಕೆ ಆ ಹೆಬ್ಬಾಗಿಲೇ ಇಲ್ಲವಾದಾಗ ಯಾರು ಗತಿ? ರಾಥ್‌ಸ್‌ಚೈಲ್ಡನ ಭವನವು ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿರುವುದರಿಂದ ಅದಕ್ಕೆ ಭಯವಿಲ್ಲ. ಧನಿಕನು ಔತಣಕ್ಕಾಗಿ ಕಟ್ಟಿಸಿದುದನ್ನು ಕಾಯ್ದೆಯು ಕಾಯುವುದು. ಹುಡುಗರು ಅರವನ್ನು ಉಜ್ಜಿದ ಕರ್ಮಶಾಲೆಯ ತಗಡಿನ ಮಾಡಿಗೆ ಅಷ್ಟೇ ಗಟ್ಟಿಯಾದ ಕಾವಲು ದೊರೆಯುವುದೆಂದು ಯಾರೂ ನಂಬಲಾರರು.

ಆದುದರಿಂದ ಯೋಜಿಸುವವರ ಮುಂದೆ ಮೂರು ಮಾತುಗಳು ಇರುವುವು. ಸ್ಥಳವನ್ನು ಬಿಟ್ಟು ಸ್ಮಾರಕವನ್ನು ಬೇರೆಡೆಗೆ ಒಯ್ಯಬಹುದೆ ಎಂಬುದು ಮೊದಲನೆಯದು. ಒಯ್ದರೆ ಅದು ಸುರಕ್ಷಿತವಾಗುವುದು. ಆದರೆ ಬೆಟ್ಟದ ಇಳಿಜಾರು, ಕರ್ಮಶಾಲೆಗೆ ಹೋಗುವ ದಾರಿ, ಮೈದಾನ ಇವುಗಳಿಂದ ಕಿತ್ತ ಕಲ್ಲು ಕೇವಲ ಕಲ್ಲಾಗುವುದು. ಹಾಲ್ಟನ್ನಿನಲ್ಲಿ ಮನೆಗಳೇ ಏಳುವುದಾದರೆ ಆ ಮನೆಗಳ ನಡುವೆ, ಮಕ್ಕಳು ಆಡುವ ಬಯಲಿನ ಅಂಚಿನಲ್ಲಿ, ಅದು ನಿಲ್ಲುವುದೇ ಮೇಲು. ಅಲ್ಲಿ ಹದಿನೈದರ ಹುಡುಗನೊಬ್ಬನು ಚೆಂಡನ್ನು ಅರಸಿ ಬಂದು, ತನ್ನ ವಯಸ್ಸಿನವರ ಕಥೆಯನ್ನು ಓದಬಹುದು.

ಎರಡನೆಯದು ಆಕೃತಿ. ಕತ್ತಿ, ಗರುಡ, ರೆಕ್ಕೆ ಬಿಚ್ಚಿದ ದೇವತೆ ಇವು ಹಾರುವವರಿಗೆ ಒಪ್ಪುವ ಚಿಹ್ನೆಗಳು. ಇವರಿಗೆ ಒಪ್ಪುವುದು ಆ ಹಿತ್ತಾಳೆಯ ಚಕ್ರವೂ, ಕಂಡಿಯೊಳಗೆ ಬೆಳಕು ನುಸುಳದಂತೆ ಕುಳಿತ ಉಕ್ಕಿನ ಚೌಕವೂ. ಮಳೆಬಿಸಿಲಿಗೆ ಆ ಚೌಕವು ತುಕ್ಕು ಹಿಡಿಯದಂತೆ ವರ್ಷಕ್ಕೊಮ್ಮೆ ಯಾರಾದರೂ ಬಂದು ಎಣ್ಣೆ ಸವರಬೇಕಾಗುವುದಷ್ಟೆ. ಅದು ಸ್ಮಾರಕದ ದೋಷವಲ್ಲ, ಗುಣವು.

ಮೂರನೆಯದೂ ಕಠಿನವಾದದ್ದೂ ಹೆಸರುಗಳ ಮಾತು. ನಲವತ್ತು ಸಹಸ್ರ ಹೆಸರುಗಳನ್ನು ಕೊರೆಯುವುದು ಅಸಾಧ್ಯವೆಂದು ಹೇಳುವವರು ಸಾಮಾನ್ಯವಾಗಿ ಗ್ರೇ, ವಿಟ್ಲ್, ವಿಲಿಯಮ್ಸನ್ ಮೊದಲಾದ ಪ್ರಸಿದ್ಧರ ಹೆಸರುಗಳನ್ನಷ್ಟೇ ಕೊರೆದರೆ ಸಾಕೆನ್ನುವರು. ಅದು ಸರಿಯಲ್ಲ. ಬೇಲೂರಿನ ಚೆನ್ನಕೇಶವ ದೇಗುಲವನ್ನು ಕಟ್ಟಿಸಿದ ವಿಷ್ಣುವರ್ಧನನ ಹೆಸರು ಶಾಸನದಲ್ಲಿ ಇರುವುದು. ಆದರೆ ಮದನಿಕೆಯರ ಪಾದಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ತಾವೇ ಕೊರೆದುಕೊಂಡಿರುವುದರಿಂದಲೇ ಆ ಕೈಗಳು ಇಂದಿಗೂ ಜೀವಂತವಾಗಿರುವುವು. ಪ್ರಸಿದ್ಧರಿಗೆ ಪುಸ್ತಕಗಳಿವೆ, ಪದಕಗಳಿವೆ. ಕಲ್ಲು ಬೇಕಾಗಿರುವುದು ಉಳಿದವರಿಗೆ. ಎಲ್ಲರ ಹೆಸರಿಗೆ ಎಡೆ ಸಾಲದಿದ್ದರೆ ಒಬ್ಬನ ಹೆಸರೂ ಬೇಡ. ಒಂದರಿಂದ ನೂರ ಐವತ್ತೈದರವರೆಗೆ ಎಂಟ್ರಿಗಳ ಸಂಖ್ಯೆಗಳನ್ನು ಮಾತ್ರ ಸಾಲಾಗಿ ಕೊರೆಯಬಹುದು. ಹೊರಗಿನವನಿಗೆ ಅದು ಬರಿಯ ಅಂಕಿಗಳ ಸಾಲು. ತನ್ನ ಅಂಕಿಯ ಮೇಲೆ ಬೆರಳಿಟ್ಟು ನಿಲ್ಲುವ ಮುದುಕನಿಗೆ ಅದರಲ್ಲಿ ಮೂರು ವರ್ಷಗಳು, ನೂರಾರು ಮುಖಗಳು, ಒಂದು ಕಂಬಳಿ, ಒಂದು ಅರ ಎಲ್ಲವೂ ಇರುವುವು.

ಬೆಟ್ಟದ ಮೇಲಿನ ಕಾಡಿನಲ್ಲಿ ಕಡಿದುಹೋದ ಬೀಚ್ ಮರಗಳ ಜಾಗದಲ್ಲಿ ಯುದ್ಧಾನಂತರ ಹೊಸ ಗಿಡಗಳನ್ನು ನೆಟ್ಟಿದ್ದರು. ಐದನೆಯ ಎಂಟ್ರಿಯ ಹುಡುಗರು ೧೯೨೨ರಲ್ಲಿ ಬಂದಾಗ ಆ ಬೆಟ್ಟವು ಬೋಳಾಗಿದ್ದಿತು. ನೂರ ಐವತ್ತೈದನೆಯವರು ೧೯೯೩ರಲ್ಲಿ ಮೈದಾನದಿಂದ ಹೊರಟಾಗ ಅವರ ಬೆನ್ನ ಹಿಂದೆ ಮರಗಳು ನ್ಯಾಯವಾದ ಎತ್ತರಕ್ಕೆ ಬೆಳೆದು ನಿಂತಿದ್ದುವು.